ಎಡಗಡೆಯ ಹದಿನೇಳು ಸುತ್ತು

ನಮ್ಮ ಯಜಮಾನರು ವೆಂಕಟಗಿರಿಯವರು ಆಕಾಶದಲ್ಲಿ ಹಾರುವುದನ್ನು ಕಲಿಯಲು ಹೊರಟಾಗ ಅವರಿಗೆ ನಲವತ್ತಾರು ವರ್ಷ. ಅರವತ್ತಕ್ಕೆ ಅರಳುಮರಳು ಅಂತ ಗಾದೆ. ಎಲ್ಲ ಕೆಲಸದಲ್ಲೂ ನಾಲ್ಕು ಹೆಜ್ಜೆ ಹಿಂದಿರುವ ನಮ್ಮವರು ಇದೊಂದರಲ್ಲಿ ಹದಿನಾಲ್ಕು ವರ್ಷ ಮುಂದಿದ್ದರು.

ಅವರು ಎಂಥವರು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಯಾರೋ ಭಾರೀ ಸಾಹಸಿ ಅಂದುಕೊಂಡೀರಿ. ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಗುಮಾಸ್ತರು. ಬಂದ ಕಾಗದಕ್ಕೆ ನಂಬರು, ಹೋಗುವ ಕಾಗದಕ್ಕೆ ನಂಬರು, ಇಪ್ಪತ್ತೈದು ವರ್ಷದಿಂದ ಅದೇ ಕೆಲಸ. ಮನೆಗೆ ಯಾರದಾದರೂ ಲಗ್ನಪತ್ರಿಕೆ ಬಂದರೆ ಅದರ ಮೂಲೆಯಲ್ಲೂ ಪೆನ್ಸಿಲಿನಿಂದ ‘ಸ್ವೀಕರಿಸಿದೆ’ ಅಂತ ಬರೆದು ತಾರೀಖು ಹಾಕುತ್ತಿದ್ದರು. ಬಸವೇಶ್ವರನಗರದ ನಮ್ಮ ಮನೆಯಿಂದ ಕಚೇರಿಗೆ ಲೂನಾದಲ್ಲಿ ಹೋಗಿಬರುವುದು. ಆ ಲೂನಾವನ್ನು ಸೈಕಲ್ಲಿನವರು ಗಂಟೆ ಹೊಡೆದು ದಾಟಿಹೋಗುತ್ತಿದ್ದರು.

ಇನ್ನೊಂದು ವಿಷಯ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಆಂಜನೇಯನ ಗುಡಿಗೆ ಹನ್ನೊಂದು ಪ್ರದಕ್ಷಿಣೆ ಹಾಕದೆ ಅವರು ಕಾಫಿ ಮುಟ್ಟುತ್ತಿರಲಿಲ್ಲ. ಎಂಟನೇ ವಯಸ್ಸಿನಿಂದ ನಡೆದು ಬಂದ ಪದ್ಧತಿ. ನಮ್ಮ ಮದುವೆಯ ದಿನ ಮುಹೂರ್ತಕ್ಕೆ ಕಾಲು ಗಂಟೆ ಇರುವಾಗ ವರ ಛತ್ರದಲ್ಲಿಲ್ಲ! ಹುಡುಗ ಓಡಿಹೋದ ಅಂತ ನಮ್ಮಪ್ಪ ಕುಸಿದು ಕೂತರು. ಹುಡುಕಿದರೆ ಪಕ್ಕದ ಬೀದಿಯ ಆಂಜನೇಯನ ಗುಡಿಯಲ್ಲಿ ಬಾಸಿಂಗ ಕಟ್ಟಿಕೊಂಡೇ ಒಂಬತ್ತನೇ ಸುತ್ತಿನಲ್ಲಿದ್ದರಂತೆ. ಇನ್ನೆರಡು ಮುಗಿಸಿಯೇ ಬಂದರು. ಆವತ್ತೇ ನನಗೆ ಅರ್ಥವಾಗಬೇಕಿತ್ತು. ಆದರೆ ಆಗ ನನಗೆ ಹತ್ತೊಂಬತ್ತು, ನಗು ಬಂದುಬಿಟ್ಟಿತು.

ಇಂಥವರಿಗೆ ಹಾರುವ ಹುಚ್ಚು ಹತ್ತಿಸಿದವರು ಗಂಗಾಧರಯ್ಯ. ವಾಯುಪಡೆಯಲ್ಲಿ ಪ್ಯಾರಾಚೂಟ್ ಮಡಿಸುವ ಕೆಲಸ ಮಾಡಿ ನಿವೃತ್ತರಾದವರು, ಕೆಂಗೇರಿಯಲ್ಲಿ ಮನೆ. ಎಂಬತ್ತೆಂಟನೇ ಇಸವಿಯಲ್ಲಿ ತಮ್ಮದೊಂದು ಅರ್ಜಿ ಹುಡುಕಿಕೊಂಡು ಇವರ ಕಚೇರಿಗೆ ಬಂದರು. ಇವರು ಹತ್ತೇ ನಿಮಿಷದಲ್ಲಿ ಅದನ್ನು ಹುಡುಕಿಕೊಟ್ಟರು. ಸಂತೋಷಕ್ಕೆ ಅವರು, “ಭಾನುವಾರ ನಮ್ಮ ಗುಡ್ಡಕ್ಕೆ ಬನ್ನಿ ಸಾರ್, ಒಂದು ತಮಾಷೆ ತೋರಿಸ್ತೀನಿ” ಅಂದರಂತೆ. ಉಪಕಾರಕ್ಕೆ ಪ್ರತಿಯಾಗಿ ಜನ ತೆಂಗಿನಕಾಯಿ ಕೊಡುತ್ತಾರೆ, ಮಾವಿನಹಣ್ಣು ಕೊಡುತ್ತಾರೆ. ಆ ಮಹಾನುಭಾವ ನನಗೆ ತಲೆನೋವು ಕೊಟ್ಟರು.

ತಮಾಷೆ ಅಂದರೆ ಪ್ಯಾರಾಗ್ಲೈಡರ್. ನನ್ನ ಬಾಯಲ್ಲಿ ಅದು ಛತ್ರಿ. ಬಣ್ಣದ ಬಟ್ಟೆಯ ದೊಡ್ಡ ಛತ್ರಿ, ಅದರಿಂದ ಇಳಿಬಿಟ್ಟ ನೂರೆಂಟು ದಾರ, ದಾರದ ತುದಿಗೆ ಕಟ್ಟಿಸಿಕೊಂಡ ಒಬ್ಬ ಮನುಷ್ಯ. ಗುಡ್ಡದ ಮೇಲಿಂದ ಗಾಳಿಗೆ ಎದುರಾಗಿ ಓಡಿದರೆ ಛತ್ರಿ ಎದ್ದು ನಿಲ್ಲುತ್ತದೆ, ನೆಲ ಕಾಲ ಕೆಳಗಿಂದ ಜಾರಿಹೋಗುತ್ತದೆ. ಬಲಗೈ ಹಗ್ಗ ಎಳೆದರೆ ಬಲಕ್ಕೆ, ಎಡಗೈಯದು ಎಳೆದರೆ ಎಡಕ್ಕೆ. ಇಷ್ಟೇ. ನೋಡಿಬಂದ ರಾತ್ರಿ ಇವರು ಊಟಕ್ಕೆ ಕೂತು ಸಾರಿಗೆ ಮಜ್ಜಿಗೆ ಕಲಸಿಕೊಂಡು ಉಂಡರು. ಹೇಳಿದರೂ ಗೊತ್ತಾಗಲಿಲ್ಲ. ನನ್ನ ಗ್ರಹಚಾರ ಕೆಟ್ಟಿತು ಅಂತ ಆಗಲೇ ಗೊತ್ತಾಯಿತು.

ಕೆಂಗೇರಿಯಿಂದ ಆಚೆ, ಮೈಸೂರು ರಸ್ತೆಯಿಂದ ಒಳಗೆ ಹೋದರೆ ಬೋಳುಗುಡ್ಡ ಅಂತ ಇತ್ತು. ಪ್ರತಿ ಭಾನುವಾರ ಎಂಟು ಜನ ಒಂದು ಮೆಟಡಾರ್‌ನಲ್ಲಿ ಅಲ್ಲಿಗೆ ಹೋಗುವುದು. ಎಂಟು ಜನಕ್ಕೆ ಇದ್ದದ್ದು ಎರಡೇ ಛತ್ರಿ, ಪಾಳಿಯ ಮೇಲೆ ಹಾರಬೇಕು. ಏಳು ಜನ ಇಪ್ಪತ್ತೈದರ ಹುಡುಗರು, ಎಂಟನೆಯವರು ನಮ್ಮ ಭೀಮಸೇನರು. ಮೊದಲ ತಿಂಗಳು ಮೊಣಕಾಲು ತರಚಿಕೊಂಡು ಬಂದರು. ಎರಡನೇ ತಿಂಗಳು ಪ್ಯಾಂಟು ಹರಿದುಕೊಂಡು ಬಂದರು. ಮೂರನೇ ತಿಂಗಳು ಏನೂ ಹರಿಯದೆ ಬಂದರು, ಆದರೆ ಮುಖದಲ್ಲಿ ಒಂದು ಹೊಸ ಕಳೆ. ಇಪ್ಪತ್ತೈದು ವರ್ಷ ಟಪಾಲು ಎಣಿಸಿದ ಮುಖದಲ್ಲಿ ನಾನು ಅದನ್ನು ಕಂಡೇ ಇರಲಿಲ್ಲ.

“ತುಂಗಾ, ನಾಲ್ಕು ನಿಮಿಷ ಮೇಲಿದ್ದೆ ಕಣೇ.”

“ನಾಲ್ಕು ನಿಮಿಷಕ್ಕೆ ನನ್ನ ಅವರೆಕಾಳೂ ಬೇಯಲ್ಲ. ಕೈಕಾಲು ತೊಳ್ಕೊಂಡು ಬನ್ನಿ.”

ಹಾಗಂದೆ. ಆದರೆ ಪ್ರತಿ ಭಾನುವಾರ ಅವರು ವಾಪಸ್ ಬಂದು ಗೇಟಿನ ಚಿಲಕ ತೆಗೆದ ಸದ್ದು ಕೇಳುವವರೆಗೆ ನಾನು ಊಟಕ್ಕೆ ಕೂರುತ್ತಿರಲಿಲ್ಲ. ಎಲುಬು ಮುರಿದುಕೊಂಡು ಬಂದರೆ ಏನು ಗತಿ? ಬರದೇ ಹೋದರೆ? ನಾನು ಆಂಜನೇಯನ ಮುಂದೆ ನಿಂತು ಗುಟ್ಟಾಗಿ ಹರಕೆ ಹೊತ್ತೆ. ಇವರ ಹುಚ್ಚು ಬಿಡಿಸು ತಂದೆ, ವಡೆಮಾಲೆ ಹಾಕಿಸ್ತೀನಿ.

ಆಂಜನೇಯ ಕಣ್ಣು ಬಿಟ್ಟ ಅಂತಲೇ ಅಂದುಕೊಳ್ಳಬೇಕು, ಗಂಗಾಧರಯ್ಯ ಒಂದು ನಿಯಮ ತಂದರು. ಬರೀ ಗುಡ್ಡದಿಂದ ಹಾರಿ ಗುಡ್ಡದ ಬುಡಕ್ಕೆ ಇಳಿಯುವುದು ಕಲಿಕೆಯಲ್ಲ. ಕಾದ ನೆಲದಿಂದ ಏಳುವ ಏರುಗಾಳಿ ಹಿಡಿದು, ಅದರೊಳಗೇ ಸುತ್ತು ಹಾಕುತ್ತಾ ಮೇಲೇರಿ, ಗುಡ್ಡ ಬಿಟ್ಟು, ಊರು ದಾಟಿ ದೂರ ಹೋಗಿ ಇಳಿಯಬೇಕು. ಅದಕ್ಕೆ ಕ್ರಾಸ್ ಕಂಟ್ರಿ ಅನ್ನುತ್ತಾರೆ. ಯುಗಾದಿಗೆ ಮುಂಚಿನ ಭಾನುವಾರದೊಳಗೆ ಐದು ಕಿಲೋಮೀಟರಾದರೂ ಹೋಗದವರು ತಮ್ಮ ಪಾಳಿ ಬಿಟ್ಟುಕೊಡಬೇಕು, ಕಾಯುತ್ತಿರುವವರಿಗೆ ಜಾಗ ಕೊಡಬೇಕು. ಕಾಯುತ್ತಿದ್ದವನು ಗೋಪೀನಾಥ ಅಂತ ಒಬ್ಬ ಹುಡುಗ, ವಿಜಯನಗರದವನು. ಒಳ್ಳೆಯ ಹುಡುಗನೇ. ವರ್ಷದಿಂದ ಬೇರೆಯವರ ಛತ್ರಿ ಹೊರುತ್ತಾ, ಮಡಿಸುತ್ತಾ ಇದ್ದ.

ಏಳು ಜನ ಸಂಕ್ರಾಂತಿ ಕಳೆಯುವುದರೊಳಗೆ ಐದು ಕಿಲೋಮೀಟರು ದಾಟಿದರು. ನಮ್ಮವರು ಮೂವತ್ತೆಂಟು ಸಲ ಹಾರಿ ಮೂವತ್ತೆಂಟು ಸಲವೂ ಗುಡ್ಡದ ಬುಡದ ಹುಣಸೆಮರದ ಹತ್ತಿರವೇ ಇಳಿದರು. ಅಷ್ಟು ನಿಯತ್ತಾಗಿ ಬಸ್ಸು ಕೂಡ ಸ್ಟಾಪಿಗೆ ಬರುವುದಿಲ್ಲ.

“ಸಾರ್, ಏರುಗಾಳಿ ಸಿಕ್ತಾ ಇದ್ದ ಹಾಗೇ ಬಿಟ್ಟು ಹೊರಗೆ ಹೋಗ್ತೀರಲ್ಲ! ಹೆದರಿಕೆ ಬಿಡಿ ಸಾರ್” ಅಂತ ಗಂಗಾಧರಯ್ಯ ತಲೆ ಚಚ್ಚಿಕೊಳ್ಳುತ್ತಿದ್ದರಂತೆ. ಇವರು ಪ್ರತಿ ಹಾರಾಟವನ್ನೂ ನೋಟ್‌ಬುಕ್ಕಿನಲ್ಲಿ ಕ್ರಮಸಂಖ್ಯೆ ಹಾಕಿ ಬರೆದರು, ಹೋದ ದಾರಿಯ ಚಿತ್ರ ಬಿಡಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಅದನ್ನೂ ಅನ್ನಲಿಲ್ಲ. “ನಂಗೇ ಬರ್ತಿಲ್ಲ ಕಣೇ” ಅಂದು ಮುಂದಿನ ಪುಟಕ್ಕೆ ಗೆರೆ ಹಾಕುತ್ತಿದ್ದರು.

ಎಂಬತ್ತೊಂಬತ್ತರ ಮಾರ್ಚ್ ತಿಂಗಳ ಮೊದಲ ಭಾನುವಾರ. ಗಾಳಿ ಸರಿಯಿಲ್ಲ ಅಂತ ಅವತ್ತು ಗುಡ್ಡಕ್ಕೆ ಹೋಗಿರಲಿಲ್ಲ. ನಾನು ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಅರಳುಸಂಡಿಗೆ ಇಟ್ಟಿದ್ದೆ. ಕಾಗೆ ಕಾಯುವುದಕ್ಕೆ ಇವರನ್ನು ಕೂರಿಸಿ, ಕೈಗೆ ಒಂದು ಕೋಲೂ ಕೊಟ್ಟು ಕೆಳಗೆ ಹೋದೆ. ಅರ್ಧ ಗಂಟೆ ಬಿಟ್ಟು ಬಂದು ನೋಡುತ್ತೇನೆ, ಕಾಗೆಗಳು ಸಾಲಾಗಿ ಕೂತು ಮದುವೆ ಊಟ ಮಾಡುತ್ತಿವೆ! ನಮ್ಮ ಕಾವಲುಗಾರರು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಕಾಶ ನೋಡುತ್ತಿದ್ದಾರೆ. ಮೇಲೆ ಒಂದು ಗರುಡ, ಬಿಳಿಯ ಎದೆಯದು, ರೆಕ್ಕೆ ಬಡಿಯದೆ ಸುತ್ತುತ್ತಾ ಸುತ್ತುತ್ತಾ ಏರುತ್ತಿತ್ತು. ಇವರು ಕಾಣದ ಹಗ್ಗ ಹಿಡಿದವರ ಹಾಗೆ ಎರಡು ಕೈ ಮೇಲೆತ್ತಿಕೊಂಡು, ಅದರ ಜೊತೆಗೆ ನಿಂತಲ್ಲೇ ಸುತ್ತುತ್ತಿದ್ದರು.

ಬಯ್ಯಲು ಬಾಯಿ ತೆರೆದವಳು ಹಾಗೇ ನಿಂತೆ. ಗರುಡ ಎಡಕ್ಕೆ ಸುತ್ತುತ್ತಿತ್ತು. ಇವರು ಅದನ್ನೇ ನೋಡುತ್ತಾ ಬಲಕ್ಕೆ ಸುತ್ತುತ್ತಿದ್ದರು. ಕತ್ತು ಅದರ ಹಿಂದೆ ಎಡಕ್ಕೆ ಹೋಗುವುದು, ಕಾಲು ಬಲಕ್ಕೆ ಎಳೆಯುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಒಂದೇ ಮೈಯಲ್ಲಿ ಎರಡು ಪ್ರಾಣಿ! ಹಾಗೆ ಮೂರು ಸಲ ಮುಗ್ಗರಿಸಿದರು, ಆದರೂ ಎಡಕ್ಕೆ ತಿರುಗಲಿಲ್ಲ.

ಕೆಳಗೆ ಓಡಿ ಅವರ ನೋಟ್‌ಬುಕ್ಕು ತೆಗೆದೆ. ಮೂವತ್ತೆಂಟು ಹಾರಾಟ, ಮೂವತ್ತೆಂಟು ಚಿತ್ರ. ಪ್ರತಿ ಚಿತ್ರದಲ್ಲೂ ದಾರಿಯ ಬಾಣದ ಗುರುತು ಬಲಕ್ಕೇ ತಿರುಗಿತ್ತು. ಒಂದೇ ಒಂದು ಕೂಡ ಎಡಕ್ಕಿರಲಿಲ್ಲ. ಅವರೇ ಒಂದು ಪುಟದಲ್ಲಿ ಬರೆದಿದ್ದರು: ‘ಗುಡ್ಡ ನಮ್ಮ ಬಲಗಡೆ. ಬಲಕ್ಕೆ ತಿರುಗಿದರೆ ಗುಡ್ಡಕ್ಕೆ ಬಡಿಯುವ ಸಂಭವ. ಆದ್ದರಿಂದ ದೂರ ಹೋಗಿ ತಿರುಗಲಾಯಿತು. ಅಷ್ಟರಲ್ಲಿ ಏರುಗಾಳಿ ಕೈತಪ್ಪಿತು.’ ಅಯ್ಯೋ ದೇವರೇ, ಗುಡ್ಡ ಬಲಕ್ಕಿದ್ದರೆ ಎಡಕ್ಕೆ ತಿರುಗಬೇಕು ಅಂತ ಬೆಂಗಳೂರಿನ ಎಮ್ಮೆಗೂ ಗೊತ್ತಾಗುತ್ತದಲ್ಲ! ಈ ಮನುಷ್ಯನಿಗೆ ಎಡಗಡೆ ಅನ್ನುವ ಒಂದು ದಿಕ್ಕಿದೆ ಅನ್ನುವುದೇ ಮರೆತುಹೋಗಿತ್ತು.

ನನಗೆ ಕಾರಣವೂ ಗೊತ್ತಿತ್ತು. ಎಂಟು ವರ್ಷದವರಿದ್ದಾಗ ಇವರು ಆಟಕ್ಕೆ ತುಳಸಿಕಟ್ಟೆಯನ್ನು ಎಡಕ್ಕೆ ಸುತ್ತಿದರಂತೆ. ಇವರಜ್ಜಿ ಸೌಟು ಹಿಡಿದು ಬಂದು, “ಅಪ್ರದಕ್ಷಿಣೆ ಹಾಕ್ತೀಯೇನೋ ಮುಂಡೇದೇ! ಎಡಕ್ಕೆ ಸುತ್ತೋದು ಹೆಣದ ಮುಂದೆ ಕಣೋ!” ಅಂತ ಬೆನ್ನಿಗೆ ಬಾರಿಸಿದರಂತೆ. ಅದೇ ವಾರ ಇವರಪ್ಪನಿಗೆ ವಿಷಮಶೀತಜ್ವರ ಬಂದು ಮೂರು ತಿಂಗಳು ಹಾಸಿಗೆ ಹಿಡಿದರು. ಹನ್ನೊಂದು ಪ್ರದಕ್ಷಿಣೆ ಶುರುವಾದದ್ದು ಆವಾಗ. ಮೂವತ್ತೆಂಟು ವರ್ಷ, ದಿನಕ್ಕೆ ಹನ್ನೊಂದು, ಎಲ್ಲ ಬಲಕ್ಕೆ. ರಸ್ತೆಯ ಸರ್ಕಲ್ಲನ್ನು ಲೂನಾದಲ್ಲಿ ಸುತ್ತುವುದೂ ಬಲಕ್ಕೇ, ಅದೂ ಪ್ರದಕ್ಷಿಣೆಯೇ. ಹುಟ್ಟುಗುಣ ಸುಟ್ಟರೂ ಹೋಗದು ಅಂದಮೇಲೆ ಸೌಟಿನ ಏಟಿನಿಂದ ಬಂದದ್ದು ಹೋಗುತ್ತದೆಯೇ?

ಇಷ್ಟೆಲ್ಲ ತಿಳಿದವಳು ಓಡಿಹೋಗಿ ಅವರಿಗೆ ಹೇಳಿದೆನೇ? ಇಲ್ಲ. ಹೇಳಲಿಲ್ಲ.

ನೋಟ್‌ಬುಕ್ಕನ್ನು ಇದ್ದಲ್ಲೇ ಇಟ್ಟೆ. ಬಾಯಿ ಮುಚ್ಚಿಕೊಂಡಿದ್ದರೆ ಯುಗಾದಿಗೆ ಈ ಕಾಟ ತಾನಾಗಿಯೇ ಮುಗಿಯುತ್ತದೆ. ಅವರ ಎಲುಬು ಉಳಿಯುತ್ತದೆ, ನನ್ನ ತಾಳಿ ಗಟ್ಟಿಯಾಗಿರುತ್ತದೆ. ನಾನೇನು ಸುಳ್ಳು ಹೇಳಿದೆನೇ? ಕೇಳಿದರೆ ಹೇಳುತ್ತಿದ್ದೆ. ಯಾರೂ ಸಂಡಿಗೆ ಇಡುವ ಹೆಂಗಸನ್ನು ಹಾರುವ ವಿಷಯ ಕೇಳುವುದಿಲ್ಲ, ಅದು ನನ್ನ ತಪ್ಪೇ? ಹೀಗೆಲ್ಲ ನನಗೆ ನಾನೇ ವಕೀಲಿ ಮಾಡಿಕೊಂಡೆ. ಎರಡು ಭಾನುವಾರ ಹೋದರು, ಹುಣಸೆಮರದ ಹತ್ತಿರ ಇಳಿದರು, ಬಂದರು. ನಾನು ತಟ್ಟೆ ಹಾಕಿ ಬಡಿಸಿದೆ.

ಮೂರನೇ ಭಾನುವಾರ ಸಂಜೆ. ಅವತ್ತೂ ಅದೇ ಕಥೆ. ಉಳಿದದ್ದು ಇನ್ನು ಒಂದೇ ಭಾನುವಾರ. ಬಂದವರು ಕಾಫಿ ಕುಡಿದು, ನಡುಮನೆಯಲ್ಲಿ ಚಾಪೆ ಹಾಸಿ, ತಮ್ಮ ಹಾರುವ ಸಾಮಾನೆಲ್ಲ ಅದರ ಮೇಲೆ ಹರಡಿಕೊಂಡು ಕೂತರು. ಕ್ಯಾನ್‌ವಾಸ್ ಬೂಟು, ಕೈಗವಸು, ಮೊಣಕಾಲಿಗೆ ಕಟ್ಟುವ ಪಟ್ಟಿ. ಒಂದು ಫುಲ್‌ಸ್ಕೇಪ್ ಹಾಳೆಯಲ್ಲಿ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದರು.

“ಏನ್ರೀ ಅದು?”

“ಚಾರ್ಜ್ ಲಿಸ್ಟು ಕಣೇ. ಜಾಗ ಬಿಟ್ಟುಕೊಡೋವಾಗ ಹಾಗೇ ಎದ್ದು ಬರಬಾರ್ದು. ಆಫೀಸಲ್ಲಿ ಚಾರ್ಜ್ ಕೊಡಲ್ವಾ, ಹಾಗೆ. ಬೂಟು ಗೋಪೀನಾಥನಿಗೆ ಒಂಚೂರು ದೊಡ್ಡದಾಗಬಹುದು, ಹತ್ತಿ ಇಟ್ಕೋ ಅಂತ ಬರ್ದಿದೀನಿ. ನೋಟ್‌ಬುಕ್ಕಿಗೂ ಒಂದು ವಿಷಯಸೂಚಿ ಮಾಡಿದೀನಿ. ನಾನು ಮಾಡಿದ ತಪ್ಪು ಆ ಹುಡುಗ ಮಾಡಬಾರ್ದಲ್ಲ.”

ಅದನ್ನು ಅವರು ಬೇಜಾರಿಲ್ಲದೆ, ಬೇರೆಯವರ ಫೈಲಿನ ವಿಷಯ ಹೇಳಿದ ಹಾಗೆ ಹೇಳಿದರು. ಆಮೇಲೆ ಬೂಟಿಗೆ ಅಂಟಿದ್ದ ಬೋಳುಗುಡ್ಡದ ಕೆಂಪು ಮಣ್ಣನ್ನು ಉಗುರಿನಿಂದ ಕೆರೆದು ತೆಗೆದರು. ತೆಗೆದ ಮಣ್ಣನ್ನು ಎಸೆಯಲಿಲ್ಲ, ಅಂಗೈಯಲ್ಲೇ ಇಟ್ಟುಕೊಂಡು ಕೂತರು. ಥೂ ನನ್ನ ಜನ್ಮಕ್ಕಿಷ್ಟು ಅನ್ನಿಸಿತು.

“ರೀ, ನಿಮಗೆ ಹೆದರಿಕೆಯೂ ಇಲ್ಲ, ಏನೂ ಇಲ್ಲ. ನೀವು ಎಡಕ್ಕೆ ತಿರುಗೋದೇ ಇಲ್ಲ” ಅಂದೆ.

“ತಿರುಗ್ತೀನಲ್ಲ.”

“ಎಲ್ಲಿ ತಿರುಗಿದೀರಿ ತೋರಿಸಿ.” ನೋಟ್‌ಬುಕ್ಕನ್ನು ಅವರ ತೊಡೆಯ ಮೇಲೆ ಕುಕ್ಕಿದೆ.

ಒಂದೊಂದೇ ಪುಟ ತಿರುಗಿಸಿದರು. ಹತ್ತಾಯಿತು, ಇಪ್ಪತ್ತಾಯಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಮೊದಲಿಂದ ನೋಡಿದರು. ಮುಖ ಬಿಳುಚಿಕೊಂಡಿತು. “ಅಪ್ರದಕ್ಷಿಣೆ ಕಣೇ ಅದು” ಅಂದರು ಮೆಲ್ಲಗೆ. ನಲವತ್ತಾರು ವರ್ಷದ ಗುಮಾಸ್ತರಲ್ಲ, ಎಂಟು ವರ್ಷದ ಹುಡುಗ ಹೇಳಿದ ಹಾಗಿತ್ತು.

“ಮೊನ್ನೆ ತಾರಸಿ ಮೇಲೆ ಗರುಡ ಯಾವ ಕಡೆ ಸುತ್ತುತಾ ಇತ್ತು?”

ಯೋಚಿಸಿದರು. “ಎಡಕ್ಕೆ.”

“ಸಾಕ್ಷಾತ್ ವಿಷ್ಣುವಿನ ವಾಹನ ಎಡಕ್ಕೆ ಸುತ್ತಬಹುದು, ವೆಂಕಟಗಿರಿಯವರು ಸುತ್ತಿದ್ರೆ ಮೈಲಿಗೆಯೋ?”

ನೋಟ್‌ಬುಕ್ಕಿನ ಬಾಣದ ಗುರುತುಗಳ ಮೇಲೆ ಬೆರಳಾಡಿಸಿದರು. ಸರ್ಕಾರಿ ಗುಮಾಸ್ತರಿಗೆ ಧೈರ್ಯ ಹೇಳಿ ಪ್ರಯೋಜನವಿಲ್ಲ. ಹಿಂದೆ ಯಾರೋ ಹಾಗೇ ಮಾಡಿದ್ದಾರೆ ಅಂತ ತೋರಿಸಿದರೆ ಸಾಕು. ಕೊನೆಗೆ, “ಪೂರ್ವನಿದರ್ಶನ ಇದೆ ಅಂದಂಗಾಯ್ತು” ಅಂದರು. ಕೈಯಲ್ಲಿದ್ದ ಮಣ್ಣನ್ನು ಹೋಗಿ ತುಳಸಿ ಕುಂಡಕ್ಕೆ ಹಾಕಿದರು. ಹಿಂದಿನ ಮೂರು ವಾರದ ವಿಷಯ ನಾನು ಎತ್ತಲಿಲ್ಲ.

ಆದರೆ ಬುದ್ಧಿ ಒಪ್ಪಿದರೆ ಕೈ ಒಪ್ಪಬೇಕಲ್ಲ? ಸೋಮವಾರದಿಂದ ಪಾಠ ಶುರು. ಹಿತ್ತಲಿನ ಒರಳುಕಲ್ಲಿಗೆ ಅಕ್ಕಿ, ಉದ್ದಿನಬೇಳೆ ಹಾಕಿ, ಕಚೇರಿಯಿಂದ ಬಂದವರನ್ನು ಪಂಚೆ ಕಟ್ಟಿಸಿ ಕೂರಿಸಿದೆ. ಗುಂಡುಕಲ್ಲನ್ನು ಎಡಕ್ಕೇ ತಿರುಗಿಸಬೇಕು. ಮೊದಲ ದಿನ ನಾಲ್ಕು ಸುತ್ತು ಎಡಕ್ಕೆ ಹೋಗುವುದು, ಐದನೆಯದಕ್ಕೆ ಕಲ್ಲು ತಾನಾಗಿ ಬಲಕ್ಕೆ ಹೊರಳುವುದು. ನಾನು ಪಕ್ಕದಲ್ಲಿ ಕೂತು, “ಎಡಕ್ಕೆ, ಎಡಕ್ಕೆ” ಅಂತ ಕೂಗುವುದು. ಪಕ್ಕದ ಮನೆ ಚಿಕ್ಕಗಂಗಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿದರು.

“ಏನ್ ತುಂಗಮ್ಮಾ, ಸಾಹೇಬ್ರ ಕೈಲಿ ಹಿಟ್ಟು ರುಬ್ಬಿಸ್ತಿದೀಯ?”

“ಹಾರೋದು ಕಲಿಸ್ತಿದೀನಿ ಕಣ್ರೀ.”

“ಹ್ಞೂಂ ಕಣಮ್ಮಾ. ನಮ್ಮೆಜಮಾನ್ರಿಗೂ ಒಂದು ದಿನ ಹೇಳ್ಕೊಡು. ನಮ್ಮನೇಲೂ ಅಕ್ಕಿ ನೆನೆ ಹಾಕಿದೀನಿ.”

ಆರು ಸಂಜೆ ರುಬ್ಬಿದರು. ನಮ್ಮ ಮನೆಯಲ್ಲಿ ಮೂರು ಹೊತ್ತೂ ಇಡ್ಲಿ, ದೋಸೆ. ಉಳಿದ ಹಿಟ್ಟು ಚಿಕ್ಕಗಂಗಮ್ಮನ ಮನೆಗೆ. ರುಬ್ಬಿದ ಮೇಲೆ ಶಾಲೆಯ ಮೈದಾನಕ್ಕೆ ಹೋಗಿ ಲೂನಾದಲ್ಲಿ ಎಡಕ್ಕೆ ಸುತ್ತುವುದು. ಭಾರ ಇರಲಿ ಅಂತ ಹಿಂದುಗಡೆ ನಾನು. ಇಪ್ಪತ್ತು ಸುತ್ತಿಗೆ ನನಗೆ ತಲೆ ತಿರುಗಿ ಅವರ ಬೆನ್ನು ಹಿಡಿದುಕೊಂಡೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಬೀದಿಯಲ್ಲಿ ಅವರನ್ನು ಹಿಡಿದುಕೊಂಡದ್ದು ಅದೇ ಮೊದಲು. ಶನಿವಾರ ಸಂಜೆ ಒರಳುಕಲ್ಲು ಒಂದು ಸಲವೂ ಬಲಕ್ಕೆ ಹೊರಳಲಿಲ್ಲ.

ಕೊನೆಯ ಭಾನುವಾರ ನಾನೂ ಮೆಟಡಾರ್ ಹತ್ತಿದೆ. ಕಲಿಸಿದ ಮೇಲೆ ಪರೀಕ್ಷೆ ನೋಡಬೇಡವೇ? ಮೊಸರನ್ನದ ಡಬ್ಬಿ ಹಿಡಿದುಕೊಂಡು, ಅರಿಶಿನ ಬಣ್ಣದ ಸೀರೆ ಉಟ್ಟುಕೊಂಡು ಹೋದೆ. ಇವರು ಹುಡುಗರ ಜೊತೆ ಗುಡ್ಡ ಹತ್ತಿದರು. ನಾನು ಕೆಳಗೆ ನೆರಳು ಹುಡುಕುವ ಬದಲು ಗುಡ್ಡದ ಪಕ್ಕದ ಅಗಲವಾದ ಹಾಸುಬಂಡೆಯ ಮೇಲೆ ಕೂತೆ. ಅಂಗಾಲು ಸುಡುವ ಬಂಡೆ, ಸಂಡಿಗೆ ಒಣಗಿಸುವುದಕ್ಕೆ ಹೇಳಿ ಮಾಡಿಸಿದ ಜಾಗ.

“ಆಂಟಿ, ಏರುಗಾಳಿ ಏಳೋದು ಇದೇ ಬಂಡೆಯಿಂದ. ಇಲ್ಲಿ ಬಿಸಿ ಜಾಸ್ತಿ, ಆ ಕಡೆ ಕೂತ್ಕೊಳ್ಳಿ” ಅಂದ ಗೋಪೀನಾಥ. ಪಾಪ, ಇವರು ಸೋತರೆ ಅವನಿಗೆ ಲಾಭ. ಆದರೂ ನನಗೆ ಕುಡಿಯಲು ನೀರು ತಂದುಕೊಟ್ಟ.

“ಇರ್ಲಿ ಬಿಡಪ್ಪ. ಒಲೆ ಮುಂದೆ ಕೂತು ಅಭ್ಯಾಸ” ಅಂದೆ. ಕಣ್ಣು ಗುಡ್ಡದ ತುದಿಯ ಮೇಲೇ ಇತ್ತು, ನೀರು ಸೀರೆಯ ಮೇಲೆ ಚೆಲ್ಲಿತು.

ಹನ್ನೆರಡೂ ಕಾಲಿಗೆ ಛತ್ರಿ ಎದ್ದಿತು. ಅಲ್ಲಿಯವರೆಗೆ ನಾನು ಅವರು ಹಾರುವುದನ್ನು ನೋಡಿಯೇ ಇರಲಿಲ್ಲ. ಕೆಂಪು ಬಟ್ಟೆಯ ಕೆಳಗೆ ನೇತಾಡುವ ಆ ಎರಡು ಕಾಲು ಕಂಡ ಕೂಡಲೇ ಮೊಸರನ್ನದ ಡಬ್ಬಿಯನ್ನು ಅವುಚಿಕೊಂಡೆ. ಗುಡ್ಡದ ಪಕ್ಕದಲ್ಲೇ ತೇಲುತ್ತಾ ಬಂದರು. ಬಂಡೆಯ ಹತ್ತಿರ ಬಂದಾಗ ಛತ್ರಿ ಒಂದು ಸಲ ಅಲುಗಿ ಮೇಲೆ ಜಿಗಿಯಿತು. ಏರುಗಾಳಿ! ಈಗ ತಿರುಗಬೇಕು. ಇವರು ತಿರುಗಲಿಲ್ಲ, ನೇರ ಹೋದರು. ಬಲಗೈ ಒಂಚೂರು ಕೆಳಗೆ ಬಂತು.

ನಾನು ಎದ್ದು ನಿಂತು, ಮರ್ಯಾದೆ ಬಿಟ್ಟು ಕಿರುಚಿದೆ. “ರೀ! ರುಬ್ರೀ!”

ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಬಲಗೈ ಮೇಲೆ ಹೋಯಿತು, ಎಡಗೈ ಕೆಳಗೆ ಬಂತು. ಛತ್ರಿ ಎಡಕ್ಕೆ ವಾಲಿತು. ಒಂದು ಸುತ್ತು. ಎರಡು. ಮೂರನೆಯದಕ್ಕೆ ಗುಡ್ಡದ ತುದಿಯ ಸಮಕ್ಕೆ ಬಂದರು, ಆರನೆಯದಕ್ಕೆ ಗುಡ್ಡಕ್ಕಿಂತ ಮೇಲೆ. ಮೇಲಿದ್ದ ಹುಡುಗರು ಶಿಳ್ಳೆ ಹೊಡೆದರು. ನಾನು ಎಣಿಸುವುದನ್ನು ಬಿಟ್ಟು ಆಂಜನೇಯನನ್ನು ಕರೆಯಲು ಶುರುಮಾಡಿದೆ. ಹುಚ್ಚು ಬಿಡಿಸು ಅಂದಿದ್ದೆನಲ್ಲ, ಅದನ್ನು ಲೆಕ್ಕಕ್ಕಿಡಬೇಡ ತಂದೆ, ಮನುಷ್ಯನನ್ನು ನೆಲಕ್ಕೆ ಇಳಿಸು, ವಡೆಮಾಲೆ ಎರಡು ಹಾಕಿಸ್ತೀನಿ. ಕೆಂಪು ಛತ್ರಿ ಅಂಗೈಯಗಲ ಆಯಿತು, ಬೊಟ್ಟಿನಷ್ಟಾಯಿತು, ಗುಡ್ಡದ ಆಚೆ ಹೋಯಿತು. ಆಮೇಲೆ ಕಾಣಲಿಲ್ಲ.

“ಹೋದ್ರು ಆಂಟಿ! ಅಂಕಲ್ ಹೋದ್ರು!” ಅಂತ ಗೋಪೀನಾಥ ಕುಣಿದ. ಒಂದು ವರ್ಷ ಕಾದಿದ್ದ ಪಾಳಿ ಅವನ ಕೈತಪ್ಪಿತ್ತು. ಅದು ನೆನಪಾಗುವುದಕ್ಕೆ ಅವನಿಗೆ ಐದು ನಿಮಿಷ ಬೇಕಾಯಿತು.

ದೂರ ಹೋದವರು ಬಸ್ಸಿನಲ್ಲೇ ಬರುವುದು ಪದ್ಧತಿ ಅಂತ ಗಂಗಾಧರಯ್ಯ ನನ್ನನ್ನು ಕೆಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ತಂದು ಕೂರಿಸಿದರು. ಎರಡು ಗಂಟೆಯಾಯಿತು, ಮೂರಾಯಿತು. ಮೈಸೂರು ಕಡೆಯಿಂದ ಬಂದ ಪ್ರತಿ ಬಸ್ಸಿನ ಬಾಗಿಲು ನೋಡಿದೆ. ಮೊಸರನ್ನ ಹುಳಿಯಾಗುತ್ತಿತ್ತು. ನಾನೇ ಹೇಳಿಕೊಟ್ಟದ್ದು. ಬಾಯಿ ಮುಚ್ಚಿಕೊಂಡಿದ್ದರೆ ಈ ಹೊತ್ತಿಗೆ ಹುಣಸೆಮರದ ಕೆಳಗೆ ಕೂತು ಇಬ್ಬರೂ ಉಣ್ಣುತ್ತಿದ್ದೆವು. ಹೇಳಿದ್ದು ತಪ್ಪೋ, ಹೇಳದೆ ಇದ್ದದ್ದು ತಪ್ಪೋ ಅಂತ ಕೂತಲ್ಲೇ ಬೆಂದೆ.

ನಾಲ್ಕೂವರೆಗೆ ಒಂದು ಬಸ್ಸಿನ ಹಿಂದಿನ ಬಾಗಿಲಿಂದ ದೊಡ್ಡ ಗಂಟೊಂದು ಇಳಿಯಿತು, ಅದರ ಹಿಂದೆ ಇವರು. ತಲೆಯಲ್ಲಿ ಹಿಪ್ಪುನೇರಳೆ ಎಲೆ. ನಾನು ಬಯ್ಯುತ್ತೇನೋ ಅಳುತ್ತೇನೋ ಅಂತ ನೋಡುತ್ತಾ ನಿಂತರು. ನಾನು ಎರಡನ್ನೂ ಒಟ್ಟಿಗೇ ಮಾಡಿದೆ.

“ಬಿಡದಿ ಹತ್ತಿರ ಹಿಪ್ಪುನೇರಳೆ ತೋಟದಲ್ಲಿ ಇಳಿದೆ ಕಣೇ. ಸೊಪ್ಪು ಕೊಯ್ತಿದ್ದ ಒಬ್ಬಮ್ಮ, ‘ಯಾವೂರು ಸಾಮಿ?’ ಅಂದ್ಲು. ಬಸವೇಶ್ವರನಗರ ಅಂದೆ. ‘ಯಾಕೆ, ಬಸ್ ಇರ್ಲಿಲ್ವಾ?’ ಅಂದ್ಲು.”

ಗಂಗಾಧರಯ್ಯ ಮ್ಯಾಪಿನ ಮೇಲೆ ದಾರ ಇಟ್ಟು ಅಳೆದರು. ಎಂಟು ಕಿಲೋಮೀಟರು. ಪಾಳಿ ಉಳಿಯಿತು.

ಮನೆಗೆ ಬಂದು, ಸ್ನಾನ ಮಾಡಿ, ಹುಳಿ ಮೊಸರನ್ನವನ್ನೇ ಉಂಡರು. ಆಮೇಲೆ ನನ್ನನ್ನು ತಾರಸಿಗೆ ಕರೆದರು. ಬಿಸಿಲು ಇಳಿದಿತ್ತು. ನಾನು ಬೆಳಿಗ್ಗೆ ಹಾಸಿಹೋಗಿದ್ದ ಸಂಡಿಗೆ ಪಂಚೆ ಎತ್ತಬೇಕು ಅಂತ ಬಗ್ಗಿದರೆ, “ಅದಿರ್ಲಿ, ಇಲ್ಲಿ ಮಧ್ಯದಲ್ಲಿ ನಿಂತ್ಕೋ” ಅಂದರು.

“ಯಾಕ್ರೀ?”

“ಮೇಲೆ ಹದಿನೇಳು ಸುತ್ತು ಎಡಕ್ಕೆ ಹಾಕಿದೆ, ಎಣಿಸಿದೀನಿ. ಸುತ್ತೋವಾಗ ಕೆಳಗಡೆ ಏನಾದ್ರೂ ಒಂದು ಗುರುತು ಇಟ್ಕೊಂಡು ಸುತ್ತಬೇಕು ಅಂತ ಗಂಗಾಧರಯ್ಯ ಹೇಳಿದ್ರು. ಬಂಡೆ ಮೇಲೆ ನಿನ್ನ ಅರಿಶಿನ ಸೀರೆ ಕಾಣಿಸ್ತು. ಅದನ್ನೇ ಇಟ್ಕೊಂಡೆ.” ಮತ್ತೆ ಅಂದರು, “ಅಂದ್ರೆ ಹದಿನೇಳು ಅಪ್ರದಕ್ಷಿಣೆ ನಿನಗೇ ಹಾಕಿದ ಹಾಗಾಯ್ತು. ಹಾಗೇ ಬಿಡಬಾರ್ದು. ಬಲಕ್ಕೆ ಹದಿನೇಳು ಹಾಕಿ ಸರಿ ಮಾಡ್ಬೇಕು.”

“ಏನ್ರೀ ಇದು, ಗಂಡಸು ಹೆಂಡತಿಗೆ ಪ್ರದಕ್ಷಿಣೆ ಹಾಕೋದು! ಚಿಕ್ಕಗಂಗಮ್ಮ ನೋಡಿದ್ರೆ ಬೀದಿಗೆಲ್ಲ ಸಾರ್ತಾರೆ.”

“ನೋಡ್ಲಿ” ಅಂದು ಕೈ ಜೋಡಿಸಿಕೊಂಡು ಶುರುಮಾಡಿಯೇಬಿಟ್ಟರು. ಒಂದು. ಎರಡು. ನಾನು ನಗುತ್ತಾ ಎಣಿಸಿದೆ. ಏಳು, ಎಂಟು. ಅವರ ಮುಖ ಗುಡಿಯಲ್ಲಿ ಇರುತ್ತದಲ್ಲ, ಹಾಗೇ ಇತ್ತು, ತಮಾಷೆ ಇರಲಿಲ್ಲ. ನನಗೆ ನಗು ನಿಂತುಹೋಯಿತು. ಇಂಥ ಪೂಜೆಗೆ ನಾನು ಯಾವ ದೇವರು? ಹತ್ತಾಯಿತು. ಹನ್ನೊಂದನೆಯದು ಮುಗಿಯುವಾಗ ತಡೆಯಲಾಗಲಿಲ್ಲ.

“ರೀ, ನಿಲ್ಲಿ. ನೀವು ಎಡಕ್ಕೆ ತಿರುಗಲ್ಲ ಅಂತ ನಂಗೆ ಆ ಭಾನುವಾರ ಗೊತ್ತಾಗಿದ್ದಲ್ಲ. ಅದಕ್ಕೆ ಮೂರು ವಾರ ಮುಂಚೆನೇ ಗೊತ್ತಿತ್ತು. ಇಲ್ಲೇ, ಗರುಡ ಸುತ್ತಿದ ದಿನ. ಇಪ್ಪತ್ತೊಂದು ದಿನ ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ನೀವು ಸೋಲಲಿ ಅಂತ ಬೇಕಂತಲೇ ಸುಮ್ನಿದ್ದೆ.”

ಅವರು ನಿಂತರು. ನನ್ನ ಹಿಂದುಗಡೆ ಎಲ್ಲೋ ನಿಂತಿದ್ದರು, ಮುಖ ಕಾಣಲಿಲ್ಲ. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿತು. ಇವರ ಕನ್ನಡಕದ ಕಡ್ಡಿ ಟಿಕ್ ಅಂದದ್ದು ಕೇಳಿಸಿತು, ಪಂಚೆಯ ಅಂಚಿಗೆ ಒರೆಸಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ. ಇನ್ನು ಮೆಟ್ಟಿಲಿಳಿದು ಹೋಗುತ್ತಾರೆ ಅಂದುಕೊಂಡೆ.

“ಎಷ್ಟಾಯ್ತು?” ಅಂತ ಕೇಳಿದರು.

“ಹನ್ನೊಂದು” ಅಂದೆ.

ಅವರು ಹನ್ನೆರಡನೆಯದು ಶುರುಮಾಡಿದರು.